ಅಡಿಕೆ ಹೆಕ್ಕುತ್ತಾ ಕಲಿತ ‘ಪಿಕ್ ಅಪ್’

ಪುನರ್ವಸು ಮಳೆಯ ಹೊತ್ತಿಗೆ ತೀರ್ಥಹಳ್ಳಿ ಹತ್ತಿರದ ತವರಿಗೆ ಹೋಗಿದ್ದೆ. ಪಿಯುಸಿ ಓದುವ ಅಣ್ಣನ ಮಗಳು ಇಂಗ್ಲಿಷ್ ಟೆಸ್ಟ್ ಪೇಪರ್ ತಂದು ಮುಂದಿಟ್ಟಳು. ‘ಶಿ ಪಿಕ್ಡ್ ಅಪ್ ಎ ಕೋಲ್ಡ್’ ಎಂಬುದಕ್ಕೆ ‘ಅವಳು ತಣ್ಣಗಿನದನ್ನು ಎತ್ತಿಕೊಂಡಳು’ ಎಂದು ಬರೆದಿದ್ದಳು. ಮೇಲೊಂದು ಕೆಂಪು ಗೀಟು, ಅಷ್ಟೇ. ಯಾಕೆ ತಪ್ಪು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

‘ಈ ಪಿಕ್ ಅಪ್‌ಗೆ ಎಷ್ಟೊಂದು ಅರ್ಥ ಇದೆ ಅತ್ತೆ, ಎಲ್ಲ ಬಾಯಿಪಾಠ ಮಾಡ್ತಿದೀನಿ’ ಅಂದಳು. ಸಂಕಟವಾಯಿತು.

ಮಳೆ ಸ್ವಲ್ಪ ಹೊಳವಾದಾಗ ಇಬ್ಬರೂ ಬುಟ್ಟಿ ತಗೊಂಡು ತೋಟಕ್ಕಿಳಿದೆವು. ಕೊಳೆರೋಗಕ್ಕೆ ಉದುರಿದ ಅಡಿಕೆಕಾಯಿ ಹೆಕ್ಕದೆ ಬಿಟ್ಟರೆ ರೋಗ ಇನ್ನಷ್ಟು ಹಬ್ಬುತ್ತದೆ. ಅವಳೊಂದು ಹಸಿರು ಕಾಯಿ ಎತ್ತಿ ತೋರಿಸಿದಳು. ತೊಟ್ಟಿನ ಬುಡದಲ್ಲಿ ನೀರು ಕುಡಿದಂಥ ಕಪ್ಪು ಮಚ್ಚೆ, ಅದರ ಮೇಲೆ ಹತ್ತಿಯಂಥ ಬಿಳಿ ಬೂಸ್ಟು.

‘ನೋಡತ್ತೆ, ಇದಕ್ಕೂ ಕೊಳೆ ಹಿಡಿದಿದೆ.’

ಆ ‘ಹಿಡಿ’ ನನ್ನ ಕಿವಿಗೆ ಬಿತ್ತು. ನಮಗೆ ನೆಗಡಿ ಹಿಡಿಯುತ್ತದೆ, ಬಸ್ಸು ವೇಗ ಹಿಡಿಯುತ್ತದೆ, ನಾಯಿ ಹಂದಿಯ ಜಾಡು ಹಿಡಿಯುತ್ತದೆ. ಈ ಮೂರಕ್ಕೂ ಇಂಗ್ಲಿಷಿನಲ್ಲಿ ಪಿಕ್ ಅಪ್ ಒಂದೇ ಸಾಕು. ನೆಲದಿಂದ ಹೆಕ್ಕುವುದಕ್ಕೂ, ಬಸ್‌ಸ್ಟ್ಯಾಂಡಿನಿಂದ ನೆಂಟರನ್ನು ಕರೆತರುವುದಕ್ಕೂ ಅದೇ. ‘ಗಾಡಿಗೆ ಪಿಕಪ್ ಇಲ್ಲ, ಆಗುಂಬೆ ಘಾಟಿ ಹತ್ತಲ್ಲ’ ಅಂತ ಅವಳ ಅಪ್ಪನೇ ದಿನಾ ಹೇಳುತ್ತಾನಲ್ಲ! ಹಾಗೆ ನಾಮಪದವಾದಾಗ ಒತ್ತು ‘ಪಿಕ್’ ಮೇಲೆ, ಕ್ರಿಯಾಪದವಾದಾಗ ‘ಅಪ್’ ಮೇಲೆ.

ಅವಳು ಎಡವುತ್ತಿದ್ದದ್ದು ಇನ್ನೊಂದು ಕಡೆ. ‘ಪಿಕ್ ಅಪ್ ದ ನಟ್’ ಸರಿ, ‘ಪಿಕ್ ದ ನಟ್ ಅಪ್’ ಕೂಡ ಸರಿ. ಆದರೆ ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು, ‘ಪಿಕ್ ಅಪ್ ಇಟ್’ ಅನ್ನುವಂತಿಲ್ಲ. ಒಂದೊಂದು ಕಾಯಿಗೂ ಹೇಳಿಸಿದೆ. ಪಿಕ್, ಬಗ್ಗು. ಇಟ್, ಕಾಯಿ ಕೈಯಲ್ಲಿ. ಅಪ್, ಏಳು. ಮೂರನೇ ಬುಟ್ಟಿಯ ಹೊತ್ತಿಗೆ ನಾನು ಬಾಯಿ ತೆರೆಯಬೇಕಾಗಿರಲಿಲ್ಲ.

‘ಭಾಷೆ ಪಿಕ್ ಅಪ್ ಮಾಡೋದು ಅಂತಾರಲ್ಲ, ಅದು?’

‘ಪಾಠ ಇಲ್ಲದೆ, ಜನರ ಜೊತೆ ಇದ್ದು ಕಿವಿಯಿಂದಲೇ ಕಲಿಯೋದು ಮಾರಾಯ್ತಿ.’

ಅಷ್ಟರಲ್ಲಿ ಹನಿ ಬಿತ್ತು. ಬುಟ್ಟಿ ಎತ್ತಿಕೊಂಡು ಓಡುತ್ತಲೇ ಕೇಳಿದಳು, ‘ಮಳೆ ಹಿಡೀತು ಅನ್ನೋದಕ್ಕೂ ಬರುತ್ತಾ?’

‘ಬರೋ ಮಳೆ ಜೋರಾದ್ರೆ ಬರುತ್ತೆ. ಈಗಷ್ಟೇ ಶುರುವಾದದ್ದಕ್ಕೆ ಬರಲ್ಲ.’

ಅಂಗಳ ಮುಟ್ಟುವಷ್ಟರಲ್ಲಿ ಜೋರೇ ಆಗಿತ್ತು.