ಆ 22 ಮೆಟ್ಟಿಲು ನಾನು ಹತ್ತಬಾರ್ದಿತ್ತು

ವಿಆರ್‌ಡಬ್ಲ್ಯೂ, ಅಂದ್ರೆ ಪಂಚಾಯ್ತಿಯಲ್ಲಿ ಅಂಗವಿಕಲರ ಕೆಲಸ ನೋಡ್ಕೊಳ್ಳೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ ಆಗಿ 14 ವರ್ಷ ಆಯ್ತು. ಅಂಗವಿಕಲರ ಗುರುತಿನ ಚೀಟಿಗೆ (ಯುಡಿಐಡಿ) ಅರ್ಜಿ, ಪಿಂಚಣಿ ನಿಂತುಹೋದವರ ಓಡಾಟ, ಪಂಚಾಯ್ತಿ ಅಂಗವಿಕಲರಿಗೆ ತೆಗೆದಿಡಬೇಕಾದ 5% ಹಣ ಎಲ್ಲಿ ಹೋಯ್ತು ಅಂತ ಪಂಚಾಯ್ತಿ ಅಧಿಕಾರಿ ಪಿಡಿಒ ಹತ್ರ ಜಗಳ, ಇದೇ ದಿನಚರಿ. ಹೋದ ವರ್ಷ ತಾಲೂಕು ಪಂಚಾಯ್ತಿ ಮೀಟಿಂಗಲ್ಲಿ ಆಗಿದ್ದು ಮಾತ್ರ ಇನ್ನೂ ಚುಚ್ತಾನೇ ಇದೆ.

ಮೀಟಿಂಗ್ ಹಾಲ್ ಮೇಲಿನ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನಂಗೆ ಎರಡು ವರ್ಷ ಇದ್ದಾಗ ಪೋಲಿಯೋ ಆಗಿದ್ದು, ಎಡಗಾಲಿಗೆ ಆಸರೆಗೆ ಕಟ್ಟೋ ಕ್ಯಾಲಿಪರ್, ಇಷ್ಟು ವರ್ಷ ಮೈಭಾರ ಎಲ್ಲಾ ಹೊತ್ತಿದ್ದು ಬಲಗಾಲು ಮತ್ತೆ ಭುಜ. ಮೂರು ವರ್ಷದಿಂದ ಆ ಚೆನ್ನಾಗಿದ್ದ ಕಾಲೇ ನೋಯೋಕೆ ಶುರುವಾಗಿತ್ತು, ರಾತ್ರಿ ಮಗ್ಗುಲು ಬದಲಾಯಿಸೋಕೂ ಕಷ್ಟ, ಬೆಳಿಗ್ಗೆ ಮಾತ್ರೆ ನುಂಗಿ ಹೊರಡೋದು, ಯಾರಿಗೂ ಹೇಳಿರ್ಲಿಲ್ಲ. ಊರೂರು ತಿರುಗಿ "ಇದು ನಿಮ್ಮ ಹಕ್ಕು, ನಾಚ್ಕೋಬೇಡಿ, ಕೇಳಿ" ಅಂತ ಹೇಳೋಳು ನಾನು. ನಂಗೊಂದು ಕುರ್ಚಿ ಬೇಕು ಅಂದ್ರೆ ಕೆಲಸಕ್ಕೆ ಆಗಲ್ಲ ಅಂತ ತೆಗೆದು ಹಾಕ್ತಾರೇನೋ ಅನ್ನೋ ಭಯ.

ಅವತ್ತು ನಮ್ಮ ಪಂಚಾಯ್ತಿಯ ಒಬ್ಬ ಹುಡುಗನ್ನ ಕರ್ಕೊಂಡು ಹೋಗಿದ್ದೆ. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿ ಪೆಟ್ಟಾಗಿದೆ, ವೀಲ್‌ಚೇರ್. ಪಂಚಾಯ್ತಿ ರ‍್ಯಾಂಪ್ ಬಗ್ಗೆ ಅವನೇ ಮಾತಾಡ್ಬೇಕಿತ್ತು. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಇರ್ಬೇಕಾದ ರ‍್ಯಾಂಪು 4 ಅಡಿಗೇ ಮುಗಿದಿದೆ, ವೀಲ್‌ಚೇರ್ ಹಿಂದಕ್ಕೆ ಮಗುಚುತ್ತೆ. ಮೀಟಿಂಗ್ ಕೆಳಗಡೆ ಮಾಡಿ ಅಂತ ಮೊದ್ಲೇ ಲೆಟರ್ ಕೊಟ್ಟಿದ್ವಿ, ಮಾಡಿರ್ಲಿಲ್ಲ. ನಾನು ಹೋಗಿ ಸಾಹೇಬ್ರನ್ನ ಕೆಳಗೆ ಕರ್ಕೊಂಡು ಬರ್ತೀನಿ ಇರು ಅಂತ ಹೊರಟೆ.

ಬಲಗಾಲು ಮೇಲಿಡೋದು, ಕ್ಯಾಲಿಪರ್ ಕಾಲು ಎಳ್ಕೊಳ್ಳೋದು. 14ನೇ ಮೆಟ್ಟಿಲಲ್ಲಿ ಮಂಡಿ ನಡುಗೋಕೆ ಶುರು. ಮೇಲೆ ಹೋಗಿ ಸೆರಗಲ್ಲಿ ಬೆವರು ಒರೆಸ್ಕೊಂಡು, ಏನೂ ಆಗಿಲ್ಲ ಅನ್ನೋ ಹಾಗೆ ಒಳಗೆ ಹೋದೆ. ತಪ್ಪು ಮಾಡಿದ್ದು ಅಲ್ಲೇ.

ವಿಷಯ ಎತ್ತಿದೆ. ಸಾಹೇಬ್ರು ನನ್ನ ಕಾಲು ನೋಡಿದ್ರು. "ನೀವೂ ಅಂಗವಿಕಲರೇ ಅಲ್ವೇನಮ್ಮ? ಹತ್ತಿ ಬಂದ್ರಲ್ಲ. ಮನಸ್ಸಿದ್ರೆ ಎಲ್ಲಾ ಆಗುತ್ತೆ. ಅವ್ರನ್ನ ಇಬ್ರು ಎತ್ಕೊಂಡು ಬರ್ಲಿ." ಹಾಲಲ್ಲಿದ್ದವರೆಲ್ಲ ಮೆಚ್ಚಿಕೊಂಡು ನನ್ನನ್ನೇ ನೋಡ್ತಿದ್ರು, ಹಿಂದೆ ಯಾರೋ ಚಪ್ಪಾಳೆ ಬೇರೆ ತಟ್ಟಿದ್ರು. ಸೀರೆ ಒಳಗೆ ಮಂಡಿ ಗಡಗಡ ಅಂತಿದೆ, ಬಾಯಿ ಒಣಗಿದೆ. "ಸರ್, ಹತ್ತಿದ್ದಕ್ಕೆ ನಂಗೆ ಜೀವ ಹೋಗ್ತಿದೆ" ಅನ್ನೋ ಒಂದು ಮಾತು ಸಾಕಿತ್ತು. ನಾನು "ಹೌದು ಸರ್" ಅಂದೆ. ಅಷ್ಟಕ್ಕೆ ಮುಂದಿನ ವಿಷಯಕ್ಕೆ ಹೋದ್ರು.

ಕೆಳಗೆ ಬಂದಾಗ "ಅಕ್ಕ, ಬರ್ತಾರಂತಾ?" ಅಂತ ಕೇಳಿದ. ಮುಂದಿನ ಸಲ ಅಂದೆ. ಗೂಡ್ಸ್ ಆಟೋದಲ್ಲಿ 18 ಕಿಲೋಮೀಟರ್ ಬಂದಿದ್ದ.

ಆಮೇಲೆ 9 ದಿನ ಹಾಸಿಗೆ. ಡಾಕ್ಟ್ರು ಪೋಸ್ಟ್ ಪೋಲಿಯೋ ಸಿಂಡ್ರೋಮ್ ಅಂದ್ರು, ಪೋಲಿಯೋ ಆಗಿ 15ರಿಂದ 40 ವರ್ಷ ಆದ್ಮೇಲೂ ಬರುತ್ತಂತೆ, ಹಟ ಮಾಡಿ ದುಡಿದಷ್ಟೂ ಸ್ನಾಯು ಸೋಲುತ್ತಂತೆ. ನನ್ನ ಸರ್ಟಿಫಿಕೇಟಲ್ಲಿ 60 ಪರ್ಸೆಂಟ್ ಅಂತಿರೋದು ಎಡಗಾಲಿಗೆ. 1995ರ ಅಂಗವಿಕಲರ ಕಾಯ್ದೆಯಲ್ಲಿದ್ದ 7 ವಿಧದ ವೈಕಲ್ಯ 2016ರ ಕಾಯ್ದೆಯಲ್ಲಿ 21 ಆಯ್ತು ಅಂತ ಊರಿಗೆಲ್ಲ ಹೇಳ್ತೀನಿ, ಆ 21ರಲ್ಲಿ ಬರೀ ನೋವು ಅನ್ನೋದಕ್ಕೆ ಜಾಗ ಇಲ್ಲ. ನಾನು ಬಾಯಿ ಬಿಡದೆ ಇದ್ರೆ ಯಾವ ಕಾಗದವೂ ಹೇಳಲ್ಲ.

ಮುಂದಿನ ಮೀಟಿಂಗಿಗೆ ಹತ್ತಲಿಲ್ಲ. ಪ್ಲಾಸ್ಟಿಕ್ ಕುರ್ಚಿ ತರಿಸ್ಕೊಂಡು ಅವನ ಪಕ್ಕ ಕೂತೆ, ನಂಗೂ ನೋವಿದೆ ಅಂತ ಲೆಟರಲ್ಲೇ ಬರೆದೆ. ತಾಲೂಕಲ್ಲಿ ನಮ್ಮ ಕೆಲಸ ನೋಡ್ಕೊಳ್ಳೋ ಎಂಆರ್‌ಡಬ್ಲ್ಯೂದು ಫೋನ್ ಮೇಲೆ ಫೋನ್, "ಮೇಡಂ, ಇದೊಂದ್ಸಲ ಅಡ್ಜಸ್ಟ್ ಮಾಡ್ಕೊಳ್ಳಿ." 40 ನಿಮಿಷ ಕಾದ್ವಿ. ಆಗ್ಲೇ ಅವನಿಗೆ ಆ "ಹೌದು ಸರ್" ವಿಷಯ ಹೇಳಿದ್ದು. ಸುಮ್ನಿದ್ದು, "ಅವತ್ತೇ ಹೇಳ್ಬೇಕಿತ್ತಕ್ಕ, ಇಬ್ರೂ ಕೆಳಗೇ ಕೂರ್ತಿದ್ವಿ" ಅಂದ.

ಕೊನೆಗೆ ಕೆಳಗೆ ಬಂದ್ರು, ಅವನು ಮಾತಾಡಿದ, ಬರ್ಕೊಂಡ್ರು. ರ‍್ಯಾಂಪ್ ಇನ್ನೂ ಒಡೆದು ಕಟ್ಟಿಲ್ಲ. ಮಂಗಳವಾರ, ಗುರುವಾರ ಫೀಲ್ಡಿಗೆ ಹೋಗಲ್ಲ, ಫೋನಲ್ಲೇ ಅರ್ಜಿ ನೋಡ್ತೀನಿ ಅಂತ ಪಿಡಿಒಗೆ ಬರೆದು ಕೊಟ್ಟಿದೀನಿ. ಇನ್ನೂ ಸಹಿ ಹಾಕಿಲ್ಲ.