ಸರಳಿನ ಮೇಲೆ ನಿಂತ ಕಾರ್ಡು

ನಮ್ಮ ಗ್ರಂಥಾಲಯ ವಿಜ್ಞಾನ ವಿಭಾಗದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, ಕಳೆದ ವರ್ಷ ತೀರಿಕೊಂಡ ಮೇಷ್ಟ್ರಿಗಾಗಿ ಎರಡು ನಿಮಿಷ ಮೌನವಾಗಿ ನಿಂತಿದ್ದಾಗ, ಪಕ್ಕದಲ್ಲಿದ್ದ ನನ್ನ ಸಹಪಾಠಿ ಕಣ್ಣು ತೆರೆಯದೆಯೇ "ಡಬ್ಲ್ಯೂಎಂ 172" ಎಂದು ಪಿಸುಗುಟ್ಟಿದ. ಐವತ್ತೈದು ದಾಟಿದ ಇಬ್ಬರು ಗಂಡಸರು ನಗು ತಡೆಯಲಾರದೆ ಭುಜ ಕುಲುಕಿಸುತ್ತಿದ್ದುದನ್ನು ಹಿಂದಿನ ಸಾಲಿನವರು ಅಳುವೆಂದು ತಿಳಿದು ಬೆನ್ನು ತಟ್ಟಿದರು. ಅವರ ಊಹೆ ಪೂರ್ತಿ ತಪ್ಪಾಗಿರಲಿಲ್ಲ. ಆ ಸಂಖ್ಯೆಯ ಕತೆಯನ್ನು ಬರೆದುಕೊಡಿ ಎಂದು ಸಂಚಿಕೆಯ ಸಂಪಾದಕರು ಊಟದ ಹೊತ್ತಿನಲ್ಲಿ ಕೇಳಿದ್ದರಿಂದ ಈ ಬರಹ.

ಓದಿದ ವರ್ಷಗಳಲ್ಲಿ ಯಾವ ಯಾವ ವಿಷಯಗಳಿದ್ದವು ಎಂದು ಈಗ ಯಾರಾದರೂ ಕೇಳಿದರೆ ನಾನು ತಡವರಿಸುತ್ತೇನೆ. ನೆನಪಿನಲ್ಲಿ ಉಳಿದಿರುವುದು ಮೇಷ್ಟ್ರ ಬಲಗೈ. ಪುಸ್ತಕಗಳ ವಿವರ ಬರೆದ ಕಾರ್ಡುಗಳಿದ್ದ ಕ್ಯಾಟಲಾಗಿನ ಉದ್ದನೆಯ ಡ್ರಾಯರನ್ನು ಎಳೆದು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇಪ್ಪತ್ತು ಮೂವತ್ತು ಕಾರ್ಡುಗಳನ್ನು ಒಮ್ಮೆಲೇ ಬಾಗಿಸಿ, ಒಂದೊಂದನ್ನಾಗಿ ಬಿಡುತ್ತಾ, ಬೇಕಾದ ಕಾರ್ಡು ಬಂದೊಡನೆ ಬೆರಳು ತಾನಾಗಿಯೇ ನಿಲ್ಲುತ್ತಿತ್ತು. ಅವರು ವೈದ್ಯಕೀಯ ಗ್ರಂಥಾಲಯದ ಮುಖ್ಯಸ್ಥರಾಗಿದ್ದುಕೊಂಡೇ ನಮಗೆ ಪಾಠ ಹೇಳುತ್ತಿದ್ದರು. ಪಾಠವೆಂದರೆ ಕಪ್ಪು ಹಲಗೆಯ ಮುಂದಿನ ಮಾತಲ್ಲ. ಶಸ್ತ್ರಚಿಕಿತ್ಸಕರೊಬ್ಬರು ಬೆಳಿಗ್ಗೆ ಕೇಳಿ ಹೋದ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ನಮ್ಮ ಕೈಗಿಟ್ಟು, "ಸಂಜೆಯೊಳಗೆ ಉತ್ತರ ಬೇಕಪ್ಪಾ" ಎಂದು ಹೊರಟುಬಿಡುತ್ತಿದ್ದರು.

ಆ ಉತ್ತರವನ್ನು ಹುಡುಕುವುದು ಎಂದರೆ 'ಇಂಡೆಕ್ಸ್ ಮೆಡಿಕಸ್'ನ ಸಂಪುಟಗಳನ್ನು ಹೊತ್ತು ತರುವುದು ಎಂದರ್ಥ. ಜಗತ್ತಿನ ವೈದ್ಯಕೀಯ ನಿಯತಕಾಲಿಕೆಗಳ ಲೇಖನಗಳಿಗೆ 1879ರಲ್ಲಿ ಆರಂಭವಾದ ಆ ಸೂಚಿ ತಿಂಗಳಿಗೊಮ್ಮೆ ಬರುತ್ತಿತ್ತು. ವರ್ಷಾಂತ್ಯದಲ್ಲಿ ಎಲ್ಲವನ್ನೂ ಕೂಡಿಸಿ ಇಟ್ಟಿಗೆಯಂತಹ ಸಂಪುಟಗಳಾಗಿ ಮತ್ತೊಮ್ಮೆ ಬರುತ್ತಿತ್ತು. ಐದು ವರ್ಷಗಳ ಸಾಹಿತ್ಯ ಬೇಕೆಂದರೆ ಐದು ವರ್ಷಗಳ ಸಂಪುಟಗಳನ್ನೂ ಒಂದೊಂದಾಗಿ ತೆರೆದು, ಅದೇ ಶೀರ್ಷಿಕೆಯಡಿ ಸಣ್ಣಕ್ಷರದ ಸಾಲುಗಳ ಮೇಲೆ ಸ್ಕೇಲು ಇಟ್ಟು ಓದಿ, ತಕ್ಕುದೆನಿಸಿದ್ದನ್ನು ಚೀಟಿಗೆ ಇಳಿಸಬೇಕಿತ್ತು. ಅದಕ್ಕೂ ಮೊದಲು ಆ ಶೀರ್ಷಿಕೆ ಯಾವುದೆಂದು ಗೊತ್ತಿರಬೇಕಿತ್ತು. ಮೊದಲ ವಾರ ನಾನು 'ಹಾರ್ಟ್ ಅಟ್ಯಾಕ್' ಎಂದು ಹುಡುಕಿ, ಬರಿಗೈಯಲ್ಲಿ ಹೋಗಿ ನಿಂತಿದ್ದೆ. ಮೇಷ್ಟ್ರು ಬೈಯಲಿಲ್ಲ. ವಿಷಯ ಶೀರ್ಷಿಕೆಗಳ ಪಟ್ಟಿಯಾದ 'ಮೆಶ್' ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟು ಸುಮ್ಮನೆ ಕುಳಿತರು. ಸೂಚಿಕಾರರ ನಿಘಂಟಿನಲ್ಲಿ ಅದು 'ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್', ಕ್ಯಾನ್ಸರ್ ಅಲ್ಲಿ 'ನಿಯೋಪ್ಲಾಸಮ್ಸ್'. ರೋಗಿ ಹೇಳುವುದು ಒಂದು, ವೈದ್ಯರು ಕೇಳುವುದು ಇನ್ನೊಂದು, ಸೂಚಿಯಲ್ಲಿರುವುದು ಮತ್ತೊಂದು. ಈ ಮೂರರ ನಡುವಿನ ದುಭಾಷಿಗೇ ಸಂಬಳ ಕೊಡುತ್ತಾರೆ ಎಂಬುದು ಅಂದು ತಲೆಗೆ ಹೋಯಿತು.

ಕಂಪ್ಯೂಟರ್ ಬರುತ್ತದೆಂಬ ಸುದ್ದಿ ಹಬ್ಬಿದಾಗ ಸಿಬ್ಬಂದಿಯಲ್ಲಿ ಕೆಲವರು ಕೆಲಸ ಹೋಗುತ್ತದೆಂದು ಹೆದರಿದ್ದರು. ಅಂದು ಮೇಷ್ಟ್ರು ಅವರನ್ನೂ ನಮ್ಮನ್ನೂ ಒಟ್ಟಿಗೆ ಕೂರಿಸಿಕೊಂಡು ಜಾನ್ ಷಾ ಬಿಲ್ಲಿಂಗ್ಸ್ ಅವರ ಕತೆ ಹೇಳಿದರು. ಇಂಡೆಕ್ಸ್ ಮೆಡಿಕಸನ್ನು ಹುಟ್ಟುಹಾಕಿದ ಈ ಸೇನಾ ವೈದ್ಯ, ಅಮೆರಿಕದ ಸರ್ಜನ್ ಜನರಲ್ ಕಚೇರಿಯ ಪುಸ್ತಕ ಸಂಗ್ರಹವನ್ನು ದೊಡ್ಡ ಗ್ರಂಥಾಲಯವಾಗಿ ಬೆಳೆಸಿದವರು. ಜನಗಣತಿಯ ಎಣಿಕೆಯನ್ನು ಯಂತ್ರದಿಂದ ಮಾಡಿಸಬಹುದಲ್ಲವೇ ಎಂದು ಅವರು ಆಡಿದ ಮಾತೇ ಹರ್ಮನ್ ಹಾಲರಿತ್ ಎಂಬ ಎಂಜಿನಿಯರಿಗೆ ರಂಧ್ರದ ಕಾರ್ಡಿನ ಯಂತ್ರದ ಹೊಳಹು ಕೊಟ್ಟಿತು. ಹಾಲರಿತ್‌ರ ಕಂಪನಿ ಮುಂದೆ ಬೇರೆ ಕಂಪನಿಗಳೊಂದಿಗೆ ಕೂಡಿಕೊಂಡು, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. "ಆದ್ದರಿಂದ ಕಂಪ್ಯೂಟರ್ ನಮ್ಮ ಮನೆಗೆ ಬರುತ್ತಿರುವ ಸೊಸೆಯಲ್ಲ, ತವರಿಗೆ ಮರಳುತ್ತಿರುವ ಮಗಳು" ಎಂದು ಮೇಷ್ಟ್ರು ಮುಗಿಸಿದರು. ಹೆದರಿದ್ದವರ ಹೆದರಿಕೆ ಇದರಿಂದ ಹೋಯಿತೆಂದು ನಾನು ಹೇಳಲಾರೆ.

ಆ ಮಗಳನ್ನು ಪಳಗಿಸಿದವರು ನಮ್ಮ ಇನ್ನೊಬ್ಬ ಗುರು, ಮಾತು ಕಡಿಮೆಯ ಮೇಡಂ. 1964ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಆರಂಭಿಸಿದ 'ಮೆಡ್ಲಾರ್ಸ್' ವ್ಯವಸ್ಥೆಯಲ್ಲಿ, ಪ್ರಶ್ನೆಯನ್ನು ಸಂಕೇತಗಳಾಗಿ ಬರೆದು ಕಳುಹಿಸಿದರೆ, ಅದು ಇತರ ಪ್ರಶ್ನೆಗಳ ಜೊತೆ ಸರದಿಯಲ್ಲಿ ಕಾಂತೀಯ ಟೇಪಿನ ಮೇಲೆ ಓಡಿ, ಉತ್ತರ ಕೈಸೇರಲು ವಾರಗಳೇ ಹಿಡಿಯುತ್ತಿದ್ದವಂತೆ. 1971ರಲ್ಲಿ 'ಮೆಡ್‌ಲೈನ್' ಬಂದ ಮೇಲೆ ಟೆಲಿಫೋನ್ ತಂತಿಯ ತುದಿಯಲ್ಲಿ ಕುಳಿತು ಕೇಳಿದರೆ ಅಲ್ಲೇ ಉತ್ತರ ದೊರೆಯತೊಡಗಿತು. ನಾವು ಓದುತ್ತಿದ್ದ 1989ರ ಹೊತ್ತಿಗೆ ಅದೇ ಮೆಡ್‌ಲೈನ್ ಸಿಡಿ-ರಾಮ್ ತಟ್ಟೆಗಳಲ್ಲಿ ಸಿಗುತ್ತಿತ್ತು. ಆ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ದೂಳಿನ ಭಯವಂತೆ! ಮೇಡಂ ನಮಗೆ ಮೊದಲ ದಿನವೇ ಏಡ್ಸ್ ರೋಗದ ಲೇಖನಗಳನ್ನು ಹುಡುಕಲು ಹೇಳಿದರು. ನಾವು ಮೆಶ್ ಪಟ್ಟಿಯನ್ನು ನೋಡುವ ಗೋಜಿಗೆ ಹೋಗದೆ ಆ ನಾಲ್ಕಕ್ಷರವನ್ನು ಒತ್ತಿ, ಡಾಟ್ ಮ್ಯಾಟ್ರಿಕ್ಸ್ ಮುದ್ರಕ ಕಿರುಗುಟ್ಟುತ್ತಾ ಉಗುಳಿದ ಮಾರುದ್ದದ ಕಾಗದವನ್ನು ಹೆಮ್ಮೆಯಿಂದ ಒಪ್ಪಿಸಿದೆವು. ಅವರು ಕೆಂಪು ಪೆನ್ಸಿಲಿನಿಂದ ಒಂದೊಂದಾಗಿ ಗೀಟು ಹಾಕುತ್ತಾ ಹೋದರು. ಗೀಟು ಬಿದ್ದವೆಲ್ಲ ಹಿಯರಿಂಗ್ ಏಡ್ಸ್, ಅಂದರೆ ಕಿವುಡರ ಶ್ರವಣ ಸಾಧನಗಳ ಮೇಲಿನ ಲೇಖನಗಳಾಗಿದ್ದವು. "ಯಂತ್ರಕ್ಕೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ" ಎಂದಷ್ಟೇ ಹೇಳಿ ಕಾಗದವನ್ನು ಮಡಚಿದರು.

ಇನ್ನು ಡಬ್ಲ್ಯೂಎಂ 172. ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ತುಂಬುವ ಕೆಲಸ ಆ ವರ್ಷವೇ ಶುರುವಾಗಿತ್ತು. ಯುನೆಸ್ಕೊ ಸಿದ್ಧಪಡಿಸಿ ಹಂಚುತ್ತಿದ್ದ ಸಿಡಿಎಸ್/ಐಸಿಸ್ ತಂತ್ರಾಂಶದಲ್ಲಿ ದಿನಕ್ಕೆ ಇಷ್ಟು ಕಾರ್ಡು ಎಂದು ವಿದ್ಯಾರ್ಥಿಗಳಿಗೆ ಹಂಚಿಕೊಟ್ಟಿದ್ದರು. ಕ್ಯಾಟಲಾಗಿನ ಡ್ರಾಯರಿನಲ್ಲಿ ಕಾರ್ಡುಗಳ ಕೆಳಗಿನ ತೂತಿನ ಮೂಲಕ ಒಂದು ಸರಳು ಹಾದುಹೋಗಿರುತ್ತದೆಂಬುದು ಈಗಿನವರಿಗೆ ತಿಳಿದಿರಲಾರದು. ಹೊಸ ಕಾರ್ಡನ್ನು ಮೊದಲು ಸರಳಿನ ಮೇಲೆಯೇ, ಉಳಿದವುಗಳಿಗಿಂತ ತುಸು ಎತ್ತರವಾಗಿ ನಿಲ್ಲಿಸುತ್ತಿದ್ದೆವು. ಹಿರಿಯರೊಬ್ಬರು ಬಂದು ಅದು ಅಕಾರಾದಿಯಲ್ಲಿ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಿ, ಸರಳೆಳೆದು, ಕಾರ್ಡನ್ನು ಕೆಳಗಿಳಿಸುತ್ತಿದ್ದರು. ಜಾಗ ಸರಿಯಿದೆಯೇ ಎಂದು ನೋಡುತ್ತಾರೆಯೇ ಹೊರತು ಪುಸ್ತಕ ಇದೆಯೇ ಎಂದಲ್ಲ ಎಂಬುದನ್ನು ಕಂಡುಹಿಡಿದವನು ನನ್ನ ಸಹಪಾಠಿ. ಕಾರ್ಡನ್ನು ಬೆರಳಚ್ಚು ಮಾಡಿದವನು ನಾನು. ಶೀರ್ಷಿಕೆ, 'ಪರೀಕ್ಷಾ ಜ್ವರ: ನಿದಾನ ಮತ್ತು ಚಿಕಿತ್ಸೆ'. ಲೇಖಕರ ಜಾಗದಲ್ಲಿ ಮೇಷ್ಟ್ರ ಹೆಸರು. 304 ಪುಟ, ಸಚಿತ್ರ, 22 ಸೆಂ.ಮೀ. ವೈದ್ಯಕೀಯ ಗ್ರಂಥಾಲಯಗಳ ವರ್ಗೀಕರಣದಲ್ಲಿ ಡಬ್ಲ್ಯೂಎಂ ಎಂದರೆ ಮನೋವೈದ್ಯ, 172 ಎಂದರೆ ಆತಂಕ. ವರ್ಗಸಂಖ್ಯೆಯಲ್ಲಿ ತಪ್ಪು ಹುಡುಕಲು ಮಾತ್ರ ಯಾರಿಂದಲೂ ಸಾಧ್ಯವಿರಲಿಲ್ಲ ಎಂದು ಇಂದಿಗೂ ಹೇಳಬಲ್ಲೆ.

ಕಾರ್ಡು ಸರಳಿನ ಕೆಳಗಿಳಿಯಿತು. ಎರಡು ವಾರಗಳಲ್ಲಿ ನಮ್ಮದೇ ತರಗತಿಯ ಹುಡುಗಿಯೊಬ್ಬಳು ಶ್ರದ್ಧೆಯಿಂದ ಅದನ್ನು ಕಂಪ್ಯೂಟರಿಗೂ ಏರಿಸಿದಳು. ಕಾರ್ಡಿನಲ್ಲಿ ಮಲಗಿದ್ದಷ್ಟು ಕಾಲ ಯಾರ ಕಣ್ಣಿಗೂ ಬೀಳದ ಪುಸ್ತಕ, ಪರದೆಗೆ ಬಂದ ವಾರದಲ್ಲೇ ಬೇಡಿಕೆ ಪಡೆಯಿತು! ಮನೋವೈದ್ಯ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಅದು ಬೇಕೇಬೇಕೆಂದು ಪಟ್ಟು ಹಿಡಿದರು. ಅಟೆಂಡರ್ ಎರಡು ದಿನ ಕಪಾಟುಗಳನ್ನು ಜಾಲಾಡಿದ. ಕೊನೆಗೆ ಮೇಷ್ಟ್ರೇ, ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನು ನಂಬರು ಕೊಟ್ಟು ದಾಖಲಿಸುವ ಅಕ್ಸೆಷನ್ ರಿಜಿಸ್ಟರ್ ತೆರೆದು ನೋಡಿದಾಗ, ನಾವು ಕಾರ್ಡಿಗೆ ಕೊಟ್ಟಿದ್ದ ನಂಬರಿನ ಎದುರು ಹಲ್ಲಿನ ಚಿಕಿತ್ಸೆಯ ಪುಸ್ತಕವೊಂದಿತ್ತು. ಅವರು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ, ನೇರವಾಗಿ ನಮ್ಮ ಮೇಜಿಗೆ ಬಂದರು. ವಿಭಾಗದ ಬೆರಳಚ್ಚು ಯಂತ್ರದಲ್ಲಿ 7 ಎಂಬ ಅಂಕಿ ಸಾಲಿನಿಂದ ಕೂದಲೆಳೆಯಷ್ಟು ಮೇಲೆ ಬೀಳುತ್ತಿತ್ತು. ಆ ಸಂಜೆ ಯಂತ್ರದ ಬೀಗದ ಕೈ ಪಡೆದಿದ್ದವನು ನಾನೊಬ್ಬನೇ.

ಶಿಕ್ಷೆಯಾಗಿ ಡಬ್ಲ್ಯೂ ವರ್ಗದ ಎಲ್ಲ ಕಪಾಟುಗಳನ್ನೂ ಶೆಲ್ಫ್ ಲಿಸ್ಟಿನೊಂದಿಗೆ, ಅಂದರೆ ಪುಸ್ತಕಗಳು ಕಪಾಟಿನಲ್ಲಿ ಇರಬೇಕಾದ ಕ್ರಮದ ಪಟ್ಟಿಯೊಂದಿಗೆ, ಹೋಲಿಸಿ ನೋಡಲು ನಮ್ಮಿಬ್ಬರಿಗೂ ಹೇಳಿದರು. ಮೂರು ವಾರ ಹಿಡಿಯಿತು. ಮುಗಿಸಿ ಬಂದಾಗ ನಮ್ಮ ಕೈಯಲ್ಲಿದ್ದುದು ಕಾರ್ಡೇ ಇಲ್ಲದ ಹನ್ನೊಂದು ಪುಸ್ತಕಗಳ ಪಟ್ಟಿ. ಕಪಾಟಿನಲ್ಲಿ ಕಣ್ಣೆದುರೇ ಇದ್ದವು, ಕಂಪ್ಯೂಟರಿನಲ್ಲಿ ಇರಲಿಲ್ಲ. ಮೇಷ್ಟ್ರು ಪಟ್ಟಿಯನ್ನು ನೋಡಿ, "ಇಲ್ಲದ ಒಂದನ್ನು ಇದೆ ಎನ್ನಿಸಿದಿರಿ, ಇರುವ ಹನ್ನೊಂದನ್ನು ಇಲ್ಲ ಎನ್ನುತ್ತಿತ್ತು. ಎರಡನ್ನೂ ಅದು ಅಷ್ಟೇ ಗಟ್ಟಿ ದನಿಯಲ್ಲಿ ಹೇಳುತ್ತದೆ, ಗಮನಿಸಿದಿರಾ?" ಎಂದರು.

ಆ ಮಾತು 2001ರಲ್ಲಿ ನನಗೆ ಮತ್ತೆ ಕೇಳಿಸಿತು. ಅಮೆರಿಕದ ಆಸ್ತಮಾ ಸಂಶೋಧನೆಯೊಂದರಲ್ಲಿ ಹೆಕ್ಸಾಮಿಥೋನಿಯಂ ಎಂಬ ಔಷಧವನ್ನು ಉಸಿರಿನ ಮೂಲಕ ತೆಗೆದುಕೊಂಡ ಆರೋಗ್ಯವಂತ ಯುವತಿಯೊಬ್ಬಳು ಶ್ವಾಸಕೋಶ ಕೆಟ್ಟು ತೀರಿಕೊಂಡಳು. ಆ ಔಷಧದಿಂದ ಶ್ವಾಸಕೋಶಕ್ಕೆ ಅಪಾಯವಿದೆಯೆಂಬ ವರದಿಗಳು 1950ರ ದಶಕದಲ್ಲೇ ಪ್ರಕಟವಾಗಿದ್ದವು. ಸಂಶೋಧಕರು ಮೆಡ್‌ಲೈನನ್ನು ಅಂತರ್ಜಾಲದಲ್ಲಿ ಹುಡುಕಿಕೊಡುವ ಪಬ್‌ಮೆಡ್ ನೋಡಿದ್ದರು. ಆದರೆ ಆಗ ಅದರ ನೆನಪು 1966ರಿಂದ ಈಚಿನದು. ಕಪಾಟಿನಲ್ಲಿದ್ದ ಇಂಡೆಕ್ಸಿನ ಹಳೆಯ ಸಂಪುಟಗಳನ್ನು ತೆರೆದಿದ್ದರೆ ಸಿಗುತ್ತಿತ್ತು. ಆ ಹೊತ್ತಿಗೆ ನಾನೇ ಒಂದು ವೈದ್ಯಕೀಯ ಗ್ರಂಥಾಲಯದ ಹೊಣೆ ಹೊತ್ತಿದ್ದೆ. ನಮ್ಮಲ್ಲಿ ಔಷಧ ಪ್ರಯೋಗದ ಹುಡುಕಾಟ ಯಾವುದೇ ಇರಲಿ, ಹಳೆಯ ಸಂಪುಟಗಳನ್ನೂ ನೋಡಿದ ಮೇಲೆಯೇ ಸಹಿ ಹಾಕುವ ಕಟ್ಟಳೆಯನ್ನು ನಾನು ಅದಕ್ಕೆ ಎಷ್ಟೋ ಮೊದಲೇ ತಂದಿದ್ದೆ ಎಂಬುದನ್ನು, ಆತ್ಮಪ್ರಶಂಸೆ ಎನಿಸಿದರೂ, ಇಲ್ಲಿ ದಾಖಲಿಸುತ್ತೇನೆ. ಮುದ್ರಿತ ಇಂಡೆಕ್ಸ್ ಮೆಡಿಕಸ್ 2004ರ ಡಿಸೆಂಬರಿಗೆ ನಿಂತಿತು. ಜಾಗ ಸಾಲದೆಂದು ಅದನ್ನು ರದ್ದಿಗೆ ಹಾಕಿದ ಗ್ರಂಥಾಲಯಗಳನ್ನು ನಾನು ಬಲ್ಲೆ. ಇಂದಿನ ವಿದ್ಯಾರ್ಥಿಗಳು ನಮಗಿಂತ ಚುರುಕು, ಅದರಲ್ಲಿ ಸಂಶಯವಿಲ್ಲ. ಆದರೆ ಹುಡುಕು ಪೆಟ್ಟಿಗೆಯಲ್ಲಿ ಏನೂ ಬಾರದಿದ್ದರೆ "ಇಲ್ಲ ಸರ್" ಎಂದು ಎದ್ದುಬಿಡುತ್ತಾರೆ. ಅವರಿಗೆ ಯಾರೂ ಮೂರು ವಾರ ಕಪಾಟು ಎಣಿಸುವ ಶಿಕ್ಷೆ ಕೊಟ್ಟಿಲ್ಲ.

ಸಮಾವೇಶದ ಮಧ್ಯಾಹ್ನ ನಾವಿಬ್ಬರೂ ಗ್ರಂಥಾಲಯಕ್ಕೆ ಹೋದೆವು. ಕ್ಯಾಟಲಾಗಿನ ಪೆಟ್ಟಿಗೆಗಳು ಈಗಿಲ್ಲ. ಅಂದಿನ ದಾಖಲೆಗಳು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ದಾಟುತ್ತಾ ಬಂದಿವೆಯಂತೆ. ಸಹಪಾಠಿ ಪರದೆಯ ಮುಂದೆ ಕುಳಿತು ಮೇಷ್ಟ್ರ ಹೆಸರನ್ನು ಒತ್ತಿದ. ಒಂದು ದಾಖಲೆ ಬಂತು. 304 ಪುಟ, ಸಚಿತ್ರ. ಅದರ ಕೆಳಗೆ, ನಾವು ಬರೆದಿರದ ಒಂದು ಟಿಪ್ಪಣಿ ಇತ್ತು: "ಪ್ರತಿ ಕಪಾಟಿನಲ್ಲಿಲ್ಲ. ಲೇಖಕರನ್ನು ವಿಚಾರಿಸಿ."

ಕೌಂಟರಿನಲ್ಲಿದ್ದ ಹುಡುಗಿ ನಮ್ಮ ಹಿಂದೆ ಬಂದು ನಿಂತು ಅದನ್ನು ಓದಿದಳು. "ಈ ಪುಸ್ತಕ ಬೇಕಿತ್ತೇ ಸರ್? ನಾನು ಬಂದಾಗಿನಿಂದ ಇದು ಹೀಗೆಯೇ ಇದೆ. ಕಾಣೆಯಾಗಿದೆ ಎಂದು ತೆಗೆದುಹಾಕಿಬಿಡಲೇ?"

"ಬೇಡಮ್ಮ, ಇರಲಿ" ಎಂದ ನನ್ನ ಸಹಪಾಠಿ.