ಅಣ್ಣನ ಕಣ್ಣಿನ ಕಂದು ಕಲೆ

ಅಣ್ಣನ ಕಣ್ಣಿನ ಬಿಳಿ ಭಾಗದಲ್ಲಿ, ಕರಿಗುಡ್ಡೆಯ ಎರಡೂ ಬದಿಗೆ, ಬೂದು ಬೆರೆತ ಕಂದು ಕಲೆ ಮೂಡಿ ವರ್ಷಗಳೇ ಆಗಿದ್ದವು. ಮದ್ದೂರಿನ ಹತ್ತಿರದ ನಮ್ಮೂರಲ್ಲಿ ಕಾಮಾಲೆ ಅಂದರು. ನಾಟಿ ಔಷಧಿ ಕುಡಿಸಿದ್ದಾಯ್ತು, ಪಥ್ಯ ಮಾಡಿಸಿದ್ದಾಯ್ತು. ಕುಡಿದು ಕುಡಿದು ಹೀಗಾಗಿದೆ ಅಂತ ಆಡಿಕೊಂಡವರೂ ಇದ್ದರು. ಒಂದು ಹನಿ ಮುಟ್ಟದವನು ಅವನು. ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಿದ್ದು ಕಣ್ಣಿಗಲ್ಲ, ಮಂಡಿ ನೋವಿಗೆ. ಆಗಿನ್ನೂ ನಲವತ್ತೈದು. ಕಬ್ಬಿನ ಗದ್ದೆಯಲ್ಲಿ ಬಗ್ಗಿದರೆ ಏಳಲು ಆಗುತ್ತಿರಲಿಲ್ಲ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಕಣ್ಣು ನೋಡಿ, ಕಿವಿಯನ್ನು ಬೆಳಕಿಗೆ ತಿರುಗಿಸಿದರು. ಅಲ್ಲೂ ನೀಲಿ ಛಾಯೆ. "ಮೂತ್ರ ಸ್ವಲ್ಪ ಹೊತ್ತು ಹಾಗೇ ಬಿಟ್ರೆ ಕಪ್ಪಾಗುತ್ತಾ?" ಎಂದರು. ಅಣ್ಣ ಸಂಕೋಚಪಟ್ಟು ಸುಮ್ಮನಾದ. ಅವ್ವ ಬಾಯಿಬಿಟ್ಟಳು: "ಊ ಸಾರ್, ಮಗಾಗಿದ್ದಾಗ್ಲೇ ಬಟ್ಟೆ ಕರ್ರಗಾಗೋದು. ಎಷ್ಟ್ ಒಗುದ್ರೂ ಹೋಯ್ತಿರ್ನಿಲ್ಲ." ಅಷ್ಟು ವರ್ಷ ಅವಳನ್ನು ಯಾರೂ ಆ ಪ್ರಶ್ನೆ ಕೇಳಿರಲೇ ಇಲ್ಲ.

ಮೂತ್ರ ಪರೀಕ್ಷೆಯಲ್ಲಿ ಖಾತ್ರಿಯಾಯಿತು. ಆಲ್ಕಾಪ್ಟೊನ್ಯೂರಿಯಾ. ನಾವು ತಿನ್ನುವ ಪ್ರೋಟೀನಿನಲ್ಲಿ ಟೈರೊಸಿನ್ ಅನ್ನುವ ಅಂಶ ಇರುತ್ತದೆ. ಅದನ್ನು ಕೊನೆತನಕ ಒಡೆಯಲು ಬೇಕಾದ ಒಂದು ಕಿಣ್ವ ಇವರಲ್ಲಿ ಕೆಲಸ ಮಾಡುವುದಿಲ್ಲ. ಅದು ಅರ್ಧಕ್ಕೇ ನಿಂತು ಹೋಮೊಜೆಂಟಿಸಿಕ್ ಆಮ್ಲವಾಗಿ ಉಳಿದುಬಿಡುತ್ತದೆ. ಜಾಸ್ತಿ ಪಾಲು ಮೂತ್ರದಲ್ಲಿ ಹೋಗುತ್ತದೆ. ಮಿಕ್ಕಿದ್ದು ಕಣ್ಣಿನ ಬಿಳಿಯಲ್ಲಿ, ಕಿವಿಯಲ್ಲಿ, ಕೀಲುಗಳ ಮೆದುಮೂಳೆಯಲ್ಲಿ ಕೂತು ಕಪ್ಪಾಗುತ್ತದೆ. ದೃಷ್ಟಿಗೆ ತೊಂದರೆ ಇಲ್ಲ. ಸವೆಯುವುದು ಬೆನ್ನು, ಮಂಡಿ.

"ಅಪ್ಪ ಅಮ್ಮ ಸಂಬಂಧಿಕರಾ?" ಎಂದು ಡಾಕ್ಟರು ಕೇಳಿದರು. ಅವ್ವ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ನಮ್ಮ ಕಡೆ ಅದೇನು ಹೊಸದಲ್ಲ ಅಲ್ವಾ? ಈ ಕಾಯಿಲೆಯವರಲ್ಲಿ ಎಷ್ಟೋ ಜನ ರಕ್ತಸಂಬಂಧದ ಮದುವೆಯ ಮಕ್ಕಳು ಅನ್ನುವುದನ್ನು ಇಂಗ್ಲೆಂಡಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲೇ ಬರೆದಿದ್ದರಂತೆ. ಅಪ್ಪ ಅಮ್ಮ ಇಬ್ಬರಲ್ಲೂ ಈ ಕಾಯಿಲೆಯ ಜೀನ್ ದೋಷ ಅಡಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. "ನಂದೇ ತೆಪ್ಪಾ ಸಾರ್?" ಎಂದು ಅವ್ವ ಅತ್ತುಬಿಟ್ಟಳು. ಯಾರ ತಪ್ಪೂ ಅಲ್ಲ, ಗೊತ್ತಾಗುವ ದಾರಿಯೇ ಇರಲಿಲ್ಲ ಎಂದು ಅವರು ಸಮಾಧಾನವಾಗಿ ಹೇಳಿದರು. ಆ ಡಾಕ್ಟರನ್ನು ನಾನು ಮರೆಯಲಾರೆ.

ಆ ಆಮ್ಲವನ್ನು ತಗ್ಗಿಸುವ ನಿಟಿಸಿನೋನ್ ಮಾತ್ರೆಗೆ ಯುರೋಪಿನಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿದೆ. ಸವೆದ ಕೀಲು ಮಾತ್ರ ಮೊದಲಿನಂತಾಗುವುದಿಲ್ಲ. ಹೃದಯದ ಕವಾಟಕ್ಕೂ ಕಿಡ್ನಿಗೂ ತೊಂದರೆ ಬರಬಹುದು, ಹಾಗಾಗಿ ಆಗಾಗ ತಪಾಸಣೆ.

ಅಣ್ಣನ ಮಗಳನ್ನು ನನ್ನ ಮಗನಿಗೆ ತಂದುಕೊಳ್ಳುವ ಮಾತು ಮನೆಯಲ್ಲಿ ಮೊದಲಿಂದ ಇತ್ತು. ನನಗೆ ಕಾಯಿಲೆ ಇಲ್ಲ, ಆದರೆ ದೋಷ ನನ್ನಲ್ಲೂ ಅಡಗಿರಬಹುದು. ಅಣ್ಣನ ಮಗಳಲ್ಲಂತೂ ಇದ್ದೇ ಇರುತ್ತದೆ. ಬೇಡ ಅಂತ ನಾನೇ ಹೇಳಿದೆ. ಅಣ್ಣನೂ ಒಪ್ಪಿದ.